14 ತಿಂಗಳ ಹಿಮ್ಮಡಿ ನೋವು: ಶಾಲಾ ಅಡುಗೆಯವರೊಬ್ಬರಿಗೆ ನೀಡಿದ ಶಾಕ್‌ವೇವ್ ಚಿಕಿತ್ಸೆಯ ಪ್ರಕರಣ ಅಧ್ಯಯನ

ಹಾಸನ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರಾಗಿ ದುಡಿಯುವ 47 ವರ್ಷದ ಮಹಿಳೆಯೊಬ್ಬರು ಬಲ ಹಿಮ್ಮಡಿಯ ನೋವಿಗಾಗಿ ಆಗಸ್ಟ್ ತಿಂಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಹಿಂದಿನ ವರ್ಷದ ಜೂನ್‌ನಲ್ಲಿ, ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾದ ಕೆಲವೇ ದಿನಗಳಲ್ಲಿ ಕಾಣಿಸಿಕೊಂಡ ನೋವಿಗೆ ಆಗಲೇ 14 ತಿಂಗಳು ತುಂಬಿತ್ತು. ಮಾತ್ರೆ, ಇಂಜೆಕ್ಷನ್, ಮನೆಮದ್ದು ಎಲ್ಲವೂ ಮುಗಿದು, ಇನ್ನುಳಿದಿರುವುದು ಆಪರೇಷನ್ ಒಂದೇ ಎಂದುಕೊಂಡು ಅವರು ಬಂದಿದ್ದರು. ಅವರಿಗೆ ಮೂರು ಬಾರಿ ಶಾಕ್‌ವೇವ್ ಚಿಕಿತ್ಸೆ (ದೇಹದ ಹೊರಗಿನಿಂದ ಒತ್ತಡದ ಅಲೆಗಳನ್ನು ಹಾಯಿಸುವ ವಿಧಾನ) ನೀಡಲಾಯಿತು; ಆರು ತಿಂಗಳ ಹೊತ್ತಿಗೆ ನೋವು ಬಹುಮಟ್ಟಿಗೆ ಇಳಿದಿತ್ತು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಯಂತ್ರದ ಜಾಹೀರಾತಾಗುತ್ತದೆ. ಅದೇ ಅವಧಿಯಲ್ಲಿ ಆ ಕಾಲಿನ ದಿನಚರಿಯಲ್ಲಿ ಇನ್ನೂ ಹಲವು ಬದಲಾವಣೆಗಳಾದವು. ಅವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಸಲ್ಲಬೇಕೆಂದು ಬಿಡಿಸಿ ನೋಡುವುದು ಈ ಬರಹದ ಉದ್ದೇಶ. ರೋಗಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ದಾಖಲಿಸಲಾಗಿದೆ.

ನೋವಿನ ಹಿನ್ನೆಲೆ

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಕೆಲವು ಹೆಜ್ಜೆಗಳಲ್ಲಿ ನೋವು ಅತ್ಯಂತ ತೀವ್ರವಾಗಿರುತ್ತಿತ್ತು. "ಮೊಳೆ ಮೇಲೆ ಕಾಲಿಟ್ಟಂಗಾಯ್ತದೆ ಡಾಕ್ಟ್ರೇ, ಗೋಡೆ ಹಿಡ್ಕೊಂಡೇ ಬಚ್ಚಲಿಗೆ ಹೋಗ್ಬೇಕು" ಎಂದು ಅವರು ವಿವರಿಸಿದರು. ಸ್ವಲ್ಪ ಓಡಾಡಿದ ಮೇಲೆ ತಗ್ಗುತ್ತಿದ್ದ ನೋವು, ಈಳಿಗೆ ಮಣೆಯ ಮುಂದೆ ಅರ್ಧ ಗಂಟೆ ಕೂತು ತರಕಾರಿ ಹೆಚ್ಚಿ ಎದ್ದಾಗ ಮರುಕಳಿಸುತ್ತಿತ್ತು. ಮಧ್ಯಾಹ್ನ ಮಕ್ಕಳಿಗೆ ಬಡಿಸಿ ಪಾತ್ರೆ ತೊಳೆಯುವ ಹೊತ್ತಿಗೆ ಚುಚ್ಚುವ ಸ್ವರೂಪ ಹೋಗಿ, ಹಿಮ್ಮಡಿಯಿಡೀ ಹರಡಿದ ಮಂದ ನೋವಾಗಿ ಉಳಿಯುತ್ತಿತ್ತು. ರಾತ್ರಿ ಮಲಗಿದಾಗ ಮಾತ್ರ ನೋವಿರಲಿಲ್ಲ. ಈ ಕೊನೆಯ ಮಾಹಿತಿಯನ್ನು ಮತ್ತೆ ಮತ್ತೆ ಕೇಳಿ ಖಚಿತಪಡಿಸಿಕೊಂಡೆವು. ಏಕೆಂದರೆ ಮಲಗಿದಾಗಲೂ ಬಿಡದ ಹಿಮ್ಮಡಿ ನೋವಿದ್ದರೆ ಸೋಂಕು, ಗಡ್ಡೆ, ಉರಿಯೂತದ ಸಂಧಿವಾತ ಅಥವಾ ನರದ ತೊಂದರೆಯನ್ನು ಮೊದಲು ಹುಡುಕಬೇಕಾಗುತ್ತದೆ.

ಅವರ ಕೆಲಸದ ಸ್ವರೂಪವನ್ನು ವಿವರವಾಗಿ ಕೇಳಿದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನ ಮೂರರವರೆಗೆ ಅವರು ಅಡುಗೆಮನೆಯಲ್ಲೇ ಇರುತ್ತಿದ್ದರು. ಅದರಲ್ಲಿ ಐದು ಗಂಟೆಯಷ್ಟು ಕಾಲ ಸಿಮೆಂಟಿನ ನೆಲದ ಮೇಲೆ ಬರಿಗಾಲಿನಲ್ಲಿ ನಿಂತೇ ಕಳೆಯುತ್ತಿತ್ತು. ಅನ್ನದ ತಪ್ಪಲೆಯನ್ನು ಸಹಾಯಕಿಯೊಂದಿಗೆ ಹಿಡಿದು ಇಳಿಸುವಾಗ ದೇಹದ ತೂಕದ ಜೊತೆಗೆ ಪಾತ್ರೆಯ ತೂಕವೂ ಕಾಲಿನ ಮೇಲೆ ಬೀಳುತ್ತಿತ್ತು. ಮನೆಯಲ್ಲಿಯೂ ಬರಿಗಾಲೇ, ಮೂರು ವರ್ಷದ ಹಿಂದೆ ರೆಡ್ ಆಕ್ಸೈಡ್ ನೆಲವನ್ನು ತೆಗೆಸಿ ಟೈಲ್ಸ್ ಹಾಕಿಸಿದ್ದರು. ಎತ್ತರ 152 ಸೆಂಟಿಮೀಟರ್, ತೂಕ 74 ಕಿಲೋ, ಅಂದರೆ ದೇಹತೂಕ ಸೂಚ್ಯಂಕ 32. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಹೆಚ್ಚು ನಿಲ್ಲದೆ ಇದ್ದು, ಜೂನ್‌ನಲ್ಲಿ ಒಮ್ಮೆಗೇ ಐದು ಗಂಟೆ ನಿಲ್ಲತೊಡಗಿದಾಗ ನೋವು ಹುಟ್ಟಿದ್ದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಬೊಜ್ಜು, ಪಾದವನ್ನು ಮೇಲಕ್ಕೆ ಮಡಿಸಲಾಗದ ಕಣಕಾಲಿನ ಬಿಗಿತ, ದಿನದ ಬಹುಪಾಲು ನಿಂತು ಮಾಡುವ ಕೆಲಸ ಈ ಮೂರೂ ಹಿಮ್ಮಡಿ ನೋವಿಗೆ ಕಾರಣವಾಗುವ ಅಂಶಗಳೆಂದು ಬಹಳ ಕಾಲದಿಂದ ತಿಳಿದಿದೆ. ಅವರಲ್ಲಿ ಮೂರೂ ಇದ್ದವು.

ಇದಲ್ಲದೆ ಆರು ವರ್ಷಗಳಿಂದ ಟೈಪ್ 2 ಮಧುಮೇಹವಿದ್ದು, ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದರು.

ಮೊದಲ ಆರು ತಿಂಗಳು ಅವರು ಔಷಧಿ ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನೇ ನಂಬಿದ್ದರು. ಊರಿನವರ ಸಲಹೆಯಂತೆ ಇಟ್ಟಿಗೆಯನ್ನು ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಊರುವುದನ್ನೂ ಮಾಡಿದ್ದರು. ಅದರಿಂದ ಅರ್ಧ ದಿನದ ಆರಾಮ ಸಿಗುತ್ತಿತ್ತು ಎಂದರು. ಶಾಖದಿಂದ ತಾತ್ಕಾಲಿಕ ಆರಾಮ ಸಿಗುವುದು ಸುಳ್ಳಲ್ಲ. ಆದರೆ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಇದನ್ನು ಮಾಡಿದರೆ ಸುಟ್ಟಿದ್ದೇ ತಿಳಿಯದೆ ಹುಣ್ಣಾಗುವ ಅಪಾಯವಿರುವುದರಿಂದ ಅದನ್ನು ಅಂದೇ ನಿಲ್ಲಿಸಲು ಹೇಳಲಾಯಿತು. ಆರನೇ ತಿಂಗಳಲ್ಲಿ ಬೇರೊಂದು ಕಡೆ ಎಕ್ಸ್-ರೇ ತೆಗೆಸಿ, ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ಎರಡು ತಿಂಗಳು ನೋವು ಇರಲೇ ಇಲ್ಲ. ಆಮೇಲೆ ಮೊದಲಿನಷ್ಟೇ ಬಂತು. ಇಂಜೆಕ್ಷನ್ ಆದ ವಾರ ಸಕ್ಕರೆ ಪ್ರಮಾಣ ಏರಿ ಅವರು ಹೆದರಿದ್ದರು. ಸಿಲಿಕೋನ್ ಹಿಮ್ಮಡಿ ಪ್ಯಾಡನ್ನು ಕೊಂಡಿದ್ದರಾದರೂ ಅದು ಚಪ್ಪಲಿಯೊಳಗಿತ್ತು, ಚಪ್ಪಲಿ ಅಡುಗೆಮನೆಯ ಹೊರಗಿತ್ತು.

ಎಕ್ಸ್-ರೇಯಲ್ಲಿ ಹಿಮ್ಮಡಿ ಎಲುಬಿನ ತಳದಲ್ಲಿ ಮುಳ್ಳಿನಂಥ ಸಣ್ಣ ಚಾಚು ಕಂಡಿತ್ತು. "ಮೂಳೆ ಬೆಳೆದಿದೆ, ಚುಚ್ತಿದೆ" ಎಂದು ಯಾರೋ ಹೇಳಿದ ಮಾತು ಅವರ ಮನಸ್ಸಿನಲ್ಲಿ ನೋವಿಗಿಂತ ಆಳವಾಗಿ ಕೂತಿತ್ತು. ಇಂಥ ಚಾಚು ನೋವೇ ಇಲ್ಲದ ಅನೇಕರ ಪಾದದಲ್ಲಿಯೂ ಇರುತ್ತದೆ, ತೀವ್ರ ನೋವಿರುವ ಅನೇಕರಲ್ಲಿ ಇರುವುದಿಲ್ಲ. ವಯಸ್ಸು ಮತ್ತು ತೂಕ ಹೆಚ್ಚಿದಂತೆ ಅದು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಅದನ್ನು ಕತ್ತರಿಸಿ ತೆಗೆಯಬೇಕಾದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಎಕ್ಸ್-ರೇ ವರದಿಯ ಆ ಒಂದು ಸಾಲು ಎಷ್ಟು ಜನರನ್ನು ವೃಥಾ ಹೆದರಿಸಿದೆಯೋ ಲೆಕ್ಕವಿಲ್ಲ.

ಪರೀಕ್ಷೆ ಮತ್ತು ರೋಗನಿರ್ಣಯ

ಹಿಮ್ಮಡಿಯ ತಳದಲ್ಲಿ, ಒಳಬದಿಗೆ, ಪ್ಲಾಂಟರ್ ಫೇಶಿಯಾ ಎಲುಬಿಗೆ ಅಂಟಿಕೊಳ್ಳುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಅವರಿಗೆ ಪರಿಚಿತವಾದ ಅದೇ ನೋವು ಬಂತು. ಈ ಫೇಶಿಯಾ ಹಿಮ್ಮಡಿ ಎಲುಬಿನಿಂದ ಹೊರಟು ಬೆರಳುಗಳ ಬುಡದವರೆಗೆ ಚಾಚಿರುವ ಗಟ್ಟಿ ನಾರಿನ ಪಟ್ಟಿ. ಪಾದದ ಕಮಾನನ್ನು ಹಿಡಿದಿಡುವುದು ಅದರ ಕೆಲಸ. ನಡೆಯುವಾಗ ಹೆಬ್ಬೆರಳು ಮೇಲಕ್ಕೆ ಮಡಿಚಿದಂತೆ ಪಟ್ಟಿ ಬಿಗಿದು ಕಮಾನು ಏರುತ್ತದೆಂಬುದನ್ನು ಬ್ರಿಟನ್ನಿನ ಸಂಶೋಧಕ ಹಿಕ್ಸ್ 1954ರಲ್ಲಿಯೇ ವಿವರಿಸಿದ್ದರು. ಅದೇ ತತ್ವದ ಮೇಲೆ, ರೋಗಿಯನ್ನು ನಿಲ್ಲಿಸಿ ಹೆಬ್ಬೆರಳನ್ನು ಮೇಲೆತ್ತಿದಾಗಲೂ ನೋವು ಮರುಕಳಿಸಿತು. ಮಂಡಿ ನೇರವಾಗಿದ್ದಾಗ ಪಾದವನ್ನು ಮೇಲಕ್ಕೆ ಮಡಿಸಲು ಆಗುತ್ತಿದ್ದುದು ಕೇವಲ 2 ಡಿಗ್ರಿ. ಮಂಡಿ ಮಡಿಸಿದಾಗ 12 ಡಿಗ್ರಿ. ಇಷ್ಟು ವ್ಯತ್ಯಾಸವಿದ್ದುದರಿಂದ ಬಿಗಿತವಿರುವುದು ಕಣಕಾಲಿನ ಕೀಲಿನಲ್ಲಲ್ಲ, ಮೀನಖಂಡದ ಮೇಲ್ಪದರದ ಸ್ನಾಯುವಿನಲ್ಲಿ ಎಂದು ತಿಳಿಯಿತು.

ಬಹುಕಾಲದ ಹಿಮ್ಮಡಿ ನೋವಿನಲ್ಲಿ ಬೇರೆ ಕಾರಣಗಳನ್ನು ತಳ್ಳಿಹಾಕದೆ ಯಾವ ಯಂತ್ರವನ್ನೂ ಮುಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹಿಮ್ಮಡಿ ಎಲುಬನ್ನು ಎರಡೂ ಪಕ್ಕದಿಂದ ಹಿಂಡಿದಾಗ ನೋವಿರಲಿಲ್ಲವಾದ್ದರಿಂದ ಎಲುಬಿನ ಬಿರುಕು ಇರುವ ಸಾಧ್ಯತೆ ಕಡಿಮೆಯಾಯಿತು. ಕಣಕಾಲಿನ ಒಳಬದಿಯ ಉಬ್ಬಿದ ಎಲುಬಿನ ಹಿಂದೆ ಬೆರಳಿನಿಂದ ತಟ್ಟಿದಾಗ ಅಂಗಾಲಿಗೆ ಜುಮ್ಮೆನ್ನಲಿಲ್ಲ, ಅಂದರೆ ನರದ ತೊಂದರೆಯ ಸೂಚನೆ ಇರಲಿಲ್ಲ. ಹಿಮ್ಮಡಿಯ ಮಧ್ಯದ ಕೊಬ್ಬಿನ ಮೆತ್ತೆ ದಪ್ಪವಾಗಿಯೇ ಇತ್ತು. ಸ್ಟೀರಾಯ್ಡ್ ಪಡೆದವರಲ್ಲಿ ಇದನ್ನು ಮುಟ್ಟಿ ನೋಡುವುದು ಮುಖ್ಯ, ಏಕೆಂದರೆ ಆ ಔಷಧಿಯಿಂದ ಮೆತ್ತೆ ಕರಗುವುದುಂಟು, ಆಗ ನೋವಿನ ಮೂಲವೇ ಬೇರೆಯಾಗುತ್ತದೆ. ಉರಿಯೂತದ ಸಂಧಿವಾತವನ್ನು ಸೂಚಿಸುವ ಬೆಳಗಿನ ಹೊತ್ತಿನ ಸೊಂಟದ ಬಿಗಿತ, ಇತರ ಕೀಲುಗಳ ಊತ, ಕಣ್ಣು ಕೆಂಪಾಗುವುದು, ಸೋರಿಯಾಸಿಸ್ ಯಾವುದೂ ಇರಲಿಲ್ಲ. ಮಧುಮೇಹದ ಕಾರಣ 10 ಗ್ರಾಂ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಲಾಯಿತು. ಎಲ್ಲ ಜಾಗಗಳಲ್ಲೂ ಸ್ಪರ್ಶ ತಿಳಿಯುತ್ತಿತ್ತು, ಪಾದದ ನಾಡಿಗಳೂ ಚೆನ್ನಾಗಿದ್ದವು. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ 7.4 ಇತ್ತು. ಯೂರಿಕ್ ಆಮ್ಲ ಮತ್ತು ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಮಿತಿಯಲ್ಲಿದ್ದವು.

ಅಲ್ಟ್ರಾಸೌಂಡ್‌ನಲ್ಲಿ ಬಲಗಾಲಿನ ಫೇಶಿಯಾ ಎಲುಬಿಗೆ ಅಂಟುವಲ್ಲಿ 6.1 ಮಿಲಿಮೀಟರ್ ದಪ್ಪವಿದ್ದು, ನಾರಿನ ಸಾಲುಗಳು ಮಸುಕಾಗಿ ಕಾಣುತ್ತಿದ್ದವು, ಎಡಗಾಲಿನಲ್ಲಿ 3.6 ಮಿಲಿಮೀಟರ್. ಸಾಮಾನ್ಯವಾಗಿ 4 ಮಿಲಿಮೀಟರ್ ಮೀರಿದರೆ ಅದು ರೋಗದ ಲಕ್ಷಣ. ಹರಿದ ಗುರುತು ಇರಲಿಲ್ಲ. ಹೀಗೆ ದೀರ್ಘಕಾಲದ ಪ್ಲಾಂಟರ್ ಫೇಶಿಯೈಟಿಸ್ ಎಂಬ ನಿರ್ಣಯ ದೃಢವಾಯಿತು. ಈ ಹೆಸರು ಉರಿಯೂತವನ್ನು ಸೂಚಿಸಿದರೂ, ಅಮೆರಿಕದ ಲೆಮಾಂಟ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿರುವುದು ಉರಿಯೂತಕ್ಕಿಂತ ಹೆಚ್ಚಾಗಿ ನಾರಿನ ಸವೆತ ಮತ್ತು ಅವ್ಯವಸ್ಥೆ ಎಂದು ತೋರಿಸಿದರು. ತಿಂಗಳುಗಟ್ಟಲೆ ನುಂಗಿದ ಉರಿಯೂತ ನಿರೋಧಕ ಮಾತ್ರೆಗಳು ಇವರಿಗೆ ಏಕೆ ಫಲ ಕೊಡಲಿಲ್ಲ ಎಂಬುದಕ್ಕೆ ಇದೂ ಒಂದು ವಿವರಣೆ.

ಶಾಕ್‌ವೇವ್ ಏಕೆ

ನಮ್ಮ ಮುಂದೆ ನಾಲ್ಕು ದಾರಿಗಳಿದ್ದವು. ಇನ್ನೊಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಬೇಗ ಆರಾಮ ಸಿಗುವುದು ಬಹುಮಟ್ಟಿಗೆ ನಿಶ್ಚಿತವಾಗಿತ್ತು, ಆದರೆ ಅದು ಉಳಿಯುವುದಿಲ್ಲವೆಂದು ಒಮ್ಮೆ ಕಂಡಾಗಿತ್ತು. ಜೊತೆಗೆ ಫೇಶಿಯಾ ಹರಿಯುವ, ಮೆತ್ತೆ ಕರಗುವ, ಸಕ್ಕರೆ ಏರುವ ಅಪಾಯಗಳಿದ್ದವು. ಫೇಶಿಯಾವನ್ನು ಭಾಗಶಃ ಕತ್ತರಿಸುವ ಶಸ್ತ್ರಚಿಕಿತ್ಸೆಯಿಂದ ಪಾದದ ಕಮಾನು ದುರ್ಬಲವಾಗುವ ಸಾಧ್ಯತೆಯಿದ್ದು, ಅದನ್ನು ಎಲ್ಲ ಪ್ರಯತ್ನಗಳೂ ಸೋತ ಮೇಲಷ್ಟೇ ಯೋಚಿಸಬೇಕು. ವ್ಯಾಯಾಮ ಮತ್ತು ಪಾದರಕ್ಷೆಯ ಬದಲಾವಣೆಯನ್ನಷ್ಟೇ ಮಾಡಿ ಕಾಯುವುದು ಮೂರನೆಯದು. ಹಿಮ್ಮಡಿ ನೋವಿರುವವರಲ್ಲಿ ಹತ್ತಕ್ಕೆ ಎಂಟು ಒಂಬತ್ತು ಜನ ಒಂದು ವರ್ಷದೊಳಗೆ ಸರಳ ಚಿಕಿತ್ಸೆಯಿಂದಲೇ ಸುಧಾರಿಸುವುದರಿಂದ ನೋವು ಹೊಸದಾಗಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ. ನೋವು ಶುರುವಾಗಿ ಆರು ವಾರದೊಳಗಿನವರಲ್ಲಿ ಶಾಕ್‌ವೇವ್‌ಗಿಂತ ಫೇಶಿಯಾವನ್ನು ಹಿಗ್ಗಿಸುವ ಸರಳ ವ್ಯಾಯಾಮವೇ ಮೇಲೆಂದು ಜರ್ಮನಿಯ ರೋಂಪೆ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೇಳುತ್ತದೆ. ಆದರೆ ಇವರು ಆ ಒಂದು ವರ್ಷವನ್ನು ದಾಟಿದ್ದರು. ಆದ್ದರಿಂದ ವ್ಯಾಯಾಮದ ಜೊತೆಗೆ ಶಾಕ್‌ವೇವ್ ಎಂಬ ನಾಲ್ಕನೆಯ ದಾರಿ ಉಳಿಯಿತು.

ಈ ವಿಧಾನದ ಮೂಲ ಮೂತ್ರಪಿಂಡದ ಕಲ್ಲಿನಲ್ಲಿದೆ. ಜರ್ಮನಿಯ ಡಾರ್ನಿಯರ್ ವಿಮಾನ ಸಂಸ್ಥೆಯ ಸಂಶೋಧನೆಯಿಂದ ಬೆಳೆದ ತಂತ್ರವನ್ನು ಬಳಸಿ, ದೇಹದ ಹೊರಗಿನಿಂದ ತರಂಗ ಹಾಯಿಸಿ ಕಲ್ಲು ಒಡೆಯುವ ಚಿಕಿತ್ಸೆಯನ್ನು 1980ರ ಫೆಬ್ರುವರಿಯಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ನೀಡಲಾಯಿತು. ಆಮೇಲೆ ಅದು ಕೂಡದ ಮೂಳೆ ಮುರಿತಗಳಿಗೆ, ಅನಂತರ ಸ್ನಾಯುಬಂಧಗಳ ತೊಂದರೆಗಳಿಗೆ ವಿಸ್ತರಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ದಲ್ಲಿ ಹಿಮ್ಮಡಿ ನೋವಿಗೆ ಇಂಥ ಮೊದಲ ಯಂತ್ರವನ್ನು ಅನುಮೋದಿಸಿತು. ಈ ಇತಿಹಾಸದಿಂದಲೇ ಇರಬೇಕು, ತರಂಗವು ಹಿಮ್ಮಡಿಯ ಮುಳ್ಳನ್ನು ಪುಡಿ ಮಾಡುತ್ತದೆ ಎಂದು ಅನೇಕರು, ಕೆಲವೊಮ್ಮೆ ಚಿಕಿತ್ಸಕರೂ, ತಿಳಿದಿದ್ದಾರೆ. ಅದು ಹಾಗೆ ಮಾಡುವುದಿಲ್ಲ. ಚಿಕಿತ್ಸೆಯ ನಂತರವೂ ಮುಳ್ಳು ಇದ್ದಲ್ಲೇ ಇರುತ್ತದೆ. ಯಾಂತ್ರಿಕ ಒತ್ತಡಕ್ಕೆ ಜೀವಕೋಶಗಳು ಸ್ಪಂದಿಸಿ ಹೊಸ ರಕ್ತನಾಳಗಳು ಹುಟ್ಟುವುದು, ಸವೆದ ನಾರಿನ ದುರಸ್ತಿ ಚುರುಕಾಗುವುದು, ನೋವಿನ ಸಂದೇಶ ಒಯ್ಯುವ ನರತುದಿಗಳಲ್ಲಿ ರಾಸಾಯನಿಕ ಬದಲಾವಣೆಯಾಗುವುದು ಇವು ಪ್ರಯೋಗಾಲಯದ ಅಧ್ಯಯನಗಳು ಮುಂದಿಡುವ ವಿವರಣೆಗಳು.

ಪುರಾವೆ ಒಂದೇ ದಿಕ್ಕಿನಲ್ಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಆಸ್ಟ್ರೇಲಿಯಾದ ಬುಖ್‌ಬೈಂಡರ್ ಮತ್ತು ಸಂಗಡಿಗರು 166 ರೋಗಿಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಕ್‌ವೇವ್‌ಗೂ, ಹೋಲಿಕೆಗೆಂದು ಕೊಡುವ ತೋರಿಕೆಯ ಹುಸಿ ಚಿಕಿತ್ಸೆಗೂ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಜರ್ಮನಿಯ ಹಾಕೆ ಮತ್ತು ಸಂಗಡಿಗರ 272 ರೋಗಿಗಳ ಅಧ್ಯಯನದಲ್ಲಿಯೂ 12 ವಾರಗಳ ಯಶಸ್ಸು ಶಾಕ್‌ವೇವ್‌ನಲ್ಲಿ ಶೇ 34, ಹುಸಿ ಚಿಕಿತ್ಸೆಯಲ್ಲಿ ಶೇ 30, ಅಂದರೆ ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದರಲ್ಲಿ ಜಾಗಕ್ಕೆ ಅರಿವಳಿಕೆ ಕೊಟ್ಟಿದ್ದರು, ಅರಿವಳಿಕೆ ಕೊಟ್ಟರೆ ಪರಿಣಾಮ ತಗ್ಗುತ್ತದೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಮೊದಲನೆಯದರಲ್ಲಿ ಆರು ವಾರಗಳಷ್ಟೇ ಹಳೆಯ ನೋವಿನವರೂ ಸೇರಿದ್ದರು. ಅರಿವಳಿಕೆಯಿಲ್ಲದೆ, ಆರು ತಿಂಗಳು ದಾಟಿದ ನೋವಿನವರನ್ನಷ್ಟೇ ಆರಿಸಿಕೊಂಡ ಗೆರ್ಡೆಸ್‌ಮೇಯರ್ ತಂಡದ 2008ರ ಅಧ್ಯಯನದಲ್ಲಿ ಯಶಸ್ಸು ಶೇ 61, ಹುಸಿ ಚಿಕಿತ್ಸೆಯಲ್ಲಿ ಶೇ 42. ಗೋಲ್‌ವಿಟ್ಸರ್ ತಂಡವು 250 ರೋಗಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 54 ಮತ್ತು ಶೇ 37. ಈ ಅಂಕಿಗಳನ್ನು ನಾನು ಹೀಗೆ ಓದುತ್ತೇನೆ: ಚಿಕಿತ್ಸೆಗೆ ನಿಜವಾದ ಪರಿಣಾಮವಿದೆ, ಆದರೆ ಯಂತ್ರದಿಂದ ಏನೂ ಹೊರಡದಿದ್ದರೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸುಧಾರಿಸುತ್ತಾರೆ. ರೋಗಿಗೂ ಇದನ್ನು ಇದೇ ಮಾತುಗಳಲ್ಲಿ ಹೇಳಿದೆವು. "ಅಂದ್ರೆ ಅರ್ಧಕ್ಕರ್ಧ ಅನ್ನಿ" ಎಂದರು ಅವರು. ಸ್ಥೂಲವಾಗಿ ಸರಿಯಾದ ಲೆಕ್ಕವೇ ಅದು.

ಚಿಕಿತ್ಸೆ ನಡೆದ ಬಗೆ

ಗರ್ಭಿಣಿಯರಿಗೆ, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ, ಚಿಕಿತ್ಸೆಯ ಜಾಗದಲ್ಲಿ ಗಡ್ಡೆ ಅಥವಾ ಸೋಂಕು ಇರುವವರಿಗೆ, ಇತ್ತೀಚೆಗೆ ಅದೇ ಜಾಗಕ್ಕೆ ಸ್ಟೀರಾಯ್ಡ್ ಪಡೆದವರಿಗೆ ಈ ಚಿಕಿತ್ಸೆ ಕೊಡುವುದಿಲ್ಲ. ಇವರಿಗೆ ಯಾವುದೂ ಅನ್ವಯಿಸುತ್ತಿರಲಿಲ್ಲ. ಸ್ಟೀರಾಯ್ಡ್ ಪಡೆದು ಎಂಟು ತಿಂಗಳಾಗಿತ್ತು. ದೇಹದೊಳಗೆ ವಿದ್ಯುತ್ ಹರಿಯುವುದಿಲ್ಲ, ತಾಗುವುದು ಒತ್ತಡದ ಅಲೆ ಮಾತ್ರ ಎಂಬುದನ್ನು ಮೊದಲು ಯಂತ್ರವನ್ನು ಅಂಗೈಗೆ ಹಿಡಿದು ತೋರಿಸಿದ ಮೇಲೆ ಅವರ ಅಳುಕು ಹೋಯಿತು.

ಬಳಸಿದ್ದು ರೇಡಿಯಲ್ ಮಾದರಿಯ ಯಂತ್ರ. ಇದರಲ್ಲಿ ಒತ್ತಿದ ಗಾಳಿ ಹಿಡಿಕೆಯೊಳಗಿನ ಸಣ್ಣ ಲೋಹದ ತುಂಡನ್ನು ವೇಗವಾಗಿ ತಳ್ಳಿ ತುದಿಗೆ ಬಡಿಯುತ್ತದೆ. ಆ ಬಡಿತ ಚರ್ಮದ ಮೂಲಕ ಒಳಗೆ ಹರಡುತ್ತದೆ. ಶಕ್ತಿ ಚರ್ಮದ ಬಳಿ ಅತಿ ಹೆಚ್ಚಿದ್ದು ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಫೋಕಸ್ಡ್ ಮಾದರಿಯ ಯಂತ್ರದಲ್ಲಿ ತರಂಗ ಆಳದ ಒಂದು ಬಿಂದುವಿನಲ್ಲಿ ಕೂಡುತ್ತದೆ, ಅದರ ಬೆಲೆಯೂ ಹೆಚ್ಚು. ಫೇಶಿಯಾ ಅಷ್ಟೇನೂ ಆಳದಲ್ಲಿಲ್ಲವಾದ್ದರಿಂದ ಮೊದಲಿನದು ಸಾಕಾಗುತ್ತದೆ.

ಸೆಪ್ಟೆಂಬರ್‌ನಲ್ಲಿ ವಾರಕ್ಕೊಂದರಂತೆ ಮೂರು ಬಾರಿ, ಪ್ರತಿ ಬಾರಿ 2,000 ಬಡಿತಗಳನ್ನು ಸೆಕೆಂಡಿಗೆ 10ರ ವೇಗದಲ್ಲಿ ನೀಡಲಾಯಿತು. ರೋಗಿಯನ್ನು ಬೋರಲು ಮಲಗಿಸಿ, ಹಿಮ್ಮಡಿಗೆ ಜೆಲ್ ಹಚ್ಚಿ, ಅರಿವಳಿಕೆ ಕೊಡದೆ, "ಇಲ್ಲೇ, ಇದೇ ಜಾಗ" ಎಂದು ಅವರು ಹೇಳುವವರೆಗೆ ಹಿಡಿಕೆಯನ್ನು ಸರಿಸುತ್ತ ಹೋಗಲಾಯಿತು. ಅರಿವಳಿಕೆ ಕೊಟ್ಟಿದ್ದರೆ ಈ ಮಾರ್ಗದರ್ಶನವೇ ಸಿಗುತ್ತಿರಲಿಲ್ಲ. ಮೊದಲ ದಿನ 1.6 ಬಾರ್ ಒತ್ತಡದಿಂದ ಆರಂಭಿಸಿ, ಅವರು ತಡೆದುಕೊಂಡಂತೆ 2.2ಕ್ಕೆ ಏರಿಸಿದೆವು, ಮೂರನೇ ವಾರ 2.8 ಬಾರ್ ತಲುಪಿತು. ಪ್ರತಿ ಬಾರಿ ತಗುಲಿದ್ದು ನಾಲ್ಕು ನಿಮಿಷಕ್ಕಿಂತ ಕಡಿಮೆ. ಮೊದಲ ಚಿಕಿತ್ಸೆಯ ನಂತರ ಎರಡು ದಿನ ನೋವು ಹೆಚ್ಚಿತು, ಹಿಮ್ಮಡಿ ಸ್ವಲ್ಪ ಕೆಂಪಾಗಿತ್ತು. ಹೀಗಾಗಬಹುದೆಂದು ಮೊದಲೇ ಹೇಳಿದ್ದರಿಂದ ಅವರು ಗಾಬರಿಯಾಗಲಿಲ್ಲ. ದುರಸ್ತಿಯ ಪ್ರಕ್ರಿಯೆಗೆ ಅಡ್ಡಿಯಾಗದಿರಲೆಂದು ಆ ವಾರಗಳಲ್ಲಿ ಉರಿಯೂತ ನಿರೋಧಕ ಮಾತ್ರೆಗಳನ್ನು ನಿಲ್ಲಿಸಿ, ಬೇಕಾದರೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಳ್ಳಲು ಸೂಚಿಸಲಾಗಿತ್ತು.

ವ್ಯಾಯಾಮವು ಶಾಕ್‌ವೇವ್‌ಗಿಂತ ಮೊದಲೇ, ಆಗಸ್ಟ್ ಕೊನೆಯಿಂದಲೇ ಶುರುವಾಗಿತ್ತು. ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮುನ್ನ ಹಾಸಿಗೆಯ ಮೇಲೆಯೇ ಕೂತು, ಬಲಗಾಲನ್ನು ಎಡತೊಡೆಯ ಮೇಲಿಟ್ಟು, ಬೆರಳುಗಳನ್ನು ಮೇಲಕ್ಕೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಇದರೊಂದಿಗೆ ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವುದು. ಮೂರನೇ ಚಿಕಿತ್ಸೆ ಮುಗಿದು ಎರಡು ವಾರವಾದ ಮೇಲೆ ಬಲವರ್ಧನೆಯ ವ್ಯಾಯಾಮ ಸೇರಿಸಿದೆವು. ಮೆಟ್ಟಿಲಿನ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡು ನಿಂತು, ಮೂರು ಸೆಕೆಂಡಿನಲ್ಲಿ ಇಳಿಸುವ ಈ ಕ್ರಮವನ್ನು ದಿನ ಬಿಟ್ಟು ದಿನ ಮಾಡಬೇಕು. ಡೆನ್ಮಾರ್ಕಿನ ರಾಥ್‌ಲೆಫ್ ಮತ್ತು ಸಂಗಡಿಗರು 48 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ, ಬರೀ ಹಿಗ್ಗಿಸುವುದಕ್ಕಿಂತ ಇದು ಮೂರು ತಿಂಗಳ ಹೊತ್ತಿಗೆ ಹೆಚ್ಚು ಗುಣ ಕೊಡುತ್ತದೆಂದು ಕಂಡಿದ್ದರು. ವರ್ಷ ಕಳೆಯುವಾಗ ಎರಡೂ ಗುಂಪು ಸಮಾನವಾಗಿದ್ದವು ಎಂಬುದೂ ಅದೇ ಅಧ್ಯಯನದ ಮಾತು.

ಅಡುಗೆಮನೆಯ ಚಪ್ಪಲಿ

ಎಲ್ಲಕ್ಕಿಂತ ಕಷ್ಟವಾದದ್ದು ಇದು. ಅಡುಗೆಮನೆಯೊಳಗೆ ಚಪ್ಪಲಿ ಮೆಟ್ಟುವುದು ನಮ್ಮ ಕಡೆ ಮನೆಯಲ್ಲೇ ಸಲ್ಲದ ನಡತೆ. ಮಕ್ಕಳಿಗೆ ಅನ್ನ ಬೇಯಿಸುವ ಜಾಗದಲ್ಲಂತೂ ಸ್ವಚ್ಛತೆಯ ಪ್ರಶ್ನೆಯೂ ಸೇರುತ್ತದೆ. "ಒಲೆ ಮುಂದೆ ಚಪ್ಪಲಿ ಹಾಕ್ಕೊಂಡು ನಿಂತ್ರೆ ನೋಡ್ದೋರು ಏನಂತಾರೆ" ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಚೀಟಿಯಲ್ಲಿ ಮೃದು ಪಾದರಕ್ಷೆ ಧರಿಸಿ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಅವರ ಬಳಿ ಅಂಥ ಚೀಟಿ ಆಗಲೇ ಒಂದಿತ್ತು.

ಅವರ ಮೂಲಕ ಮುಖ್ಯೋಪಾಧ್ಯಾಯರೊಂದಿಗೆ ಫೋನಿನಲ್ಲಿ ಮಾತನಾಡಿ ಒಂದು ಏರ್ಪಾಡಿಗೆ ಬರಲಾಯಿತು. ಹೊರಗೆ ಎಂದೂ ಮೆಟ್ಟದ, ಅಡುಗೆಮನೆಗೆಂದೇ ಮೀಸಲಾದ, ನೀರಿನಲ್ಲಿ ಜಾರದ, ದಿನವೂ ತೊಳೆದಿಡಬಹುದಾದ ದಪ್ಪ ತಳದ ಹಿಮ್ಮಡಿ ಪಟ್ಟಿಯ ಚಪ್ಪಲಿಯೊಂದನ್ನು ತರುವುದು, ಅದನ್ನು ಅಡುಗೆಮನೆಯ ಒಳಬಾಗಿಲ ಪಕ್ಕದಲ್ಲೇ ಇಡುವುದು. ಜಾರದಿರುವುದು ಇಲ್ಲಿ ಮುಖ್ಯವಾಗಿತ್ತು, ಏಕೆಂದರೆ ಬಿಸಿ ಗಂಜಿ ಬಸಿಯುವಾಗ ಕಾಲು ಜಾರಿದರೆ ಹಿಮ್ಮಡಿ ನೋವು ಸಣ್ಣ ವಿಷಯವಾಗಿಬಿಡುತ್ತದೆ. ಸಿಲಿಕೋನ್ ಪ್ಯಾಡನ್ನು ಅದರೊಳಗೆ ಅಂಟಿಸಲಾಯಿತು. ಎರಡನೇ ಚಿಕಿತ್ಸೆಯ ವಾರದಿಂದ ಅವರು ಇದನ್ನು ಧರಿಸತೊಡಗಿದರು. ತಿಂಗಳೊಳಗೆ ಇಬ್ಬರು ಸಹಾಯಕಿಯರೂ ತಮಗೂ ಅಂಥದ್ದೇ ಕೊಂಡರೆಂದು ತಿಳಿಯಿತು. ತರಕಾರಿ ಹೆಚ್ಚುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸದೆ ನಿಲ್ಲುವ ಕೆಲಸದ ನಡುವೆ ಹಂಚಿಕೊಳ್ಳಲೂ ಹೇಳಿದ್ದೆವು. ಅದು ಅಷ್ಟಾಗಿ ನಡೆಯಲಿಲ್ಲ, ಹನ್ನೆರಡೂವರೆಗೆ ಊಟ ಸಿದ್ಧವಿರಬೇಕಾದ ಕಡೆ ಅಂಥ ಹಂಚಿಕೆಗೆ ಜಾಗವಿಲ್ಲ.

ಫಲಿತಾಂಶ

ಹತ್ತರ ಅಳತೆಯಲ್ಲಿ, ಆರಂಭದಲ್ಲಿ ಬೆಳಗಿನ ಮೊದಲ ಹೆಜ್ಜೆಯ ನೋವು 8, ಕೆಲಸ ಮುಗಿಯುವ ಹೊತ್ತಿನ ನೋವು 6 ಇತ್ತು. ಮೂರನೇ ಚಿಕಿತ್ಸೆಯ ದಿನ ಬೆಳಗಿನ ನೋವು 7. ಅವರ ಮುಖದಲ್ಲಿ ನಿರಾಸೆ ಇತ್ತು. ಶಾಕ್‌ವೇವ್‌ನ ಫಲ ನಿಧಾನವಾಗಿ, ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರಗಳಲ್ಲಿ ತೋರುತ್ತದೆಂದು ಮತ್ತೊಮ್ಮೆ ವಿವರಿಸಬೇಕಾಯಿತು.

ಅಕ್ಟೋಬರ್‌ನಲ್ಲಿ ದಸರಾ ರಜೆ ಬಂತು. ರಜೆಯ ಮಧ್ಯದಲ್ಲಿ ಫೋನ್ ಮಾಡಿದಾಗ ನೋವು 3ಕ್ಕೆ ಇಳಿದಿತ್ತು, ಅವರು ಸಂತೋಷದಿಂದ ಯಂತ್ರವನ್ನು ಹೊಗಳಿದರು. ಶಾಲೆ ತೆರೆದ ವಾರದಲ್ಲೇ ಅದು 5ಕ್ಕೆ ಏರಿತು. ಆದರೆ 8ಕ್ಕೆ ಹೋಗಲಿಲ್ಲ, ಮತ್ತು ಅಷ್ಟೇ ಹೊತ್ತು ನಿಂತು ದುಡಿಯುತ್ತಲೇ ವಾರದಿಂದ ವಾರಕ್ಕೆ ಇಳಿಯುತ್ತ ಬಂತು. ಡಿಸೆಂಬರ್ ಮಧ್ಯದಲ್ಲಿ, ಅಂದರೆ ಕೊನೆಯ ಚಿಕಿತ್ಸೆಯ 12 ವಾರಗಳ ನಂತರ, ಬೆಳಗಿನ ನೋವು 2, ಸಂಜೆಯದೂ 2. ಮಾರ್ಚ್‌ನಲ್ಲಿ ಬೆಳಗಿನದು 1, ಸಂಜೆ ನೋವಿಲ್ಲ. ಮಂಡಿ ನೇರವಿದ್ದಾಗ ಪಾದ ಮಡಿಸುವ ಮಿತಿ 2ರಿಂದ 9 ಡಿಗ್ರಿಗೆ ಏರಿತ್ತು. ಅಲ್ಟ್ರಾಸೌಂಡ್‌ನಲ್ಲಿ ಫೇಶಿಯಾದ ದಪ್ಪ 4.8 ಮಿಲಿಮೀಟರ್, ಸುಧಾರಿಸಿದೆ, ಆದರೆ ಎಡಗಾಲಿನಷ್ಟಾಗಿಲ್ಲ. ಮುಳ್ಳು ಇದ್ದಂತೆಯೇ ಇತ್ತು. ತೂಕ 73 ಕಿಲೋ, ಅಂದರೆ ಹೆಚ್ಚುಕಡಿಮೆ ಇದ್ದಷ್ಟೇ. ಚಿಕಿತ್ಸೆಯಿಂದ ಸಕ್ಕರೆಯಲ್ಲಿ ಏರುಪೇರಾಗಲಿಲ್ಲ.

ಯಾವುದರ ಪಾಲು ಎಷ್ಟು

ಈ ಅಂಕಿಗಳನ್ನು ಯಾರಿಗಾದರೂ ತೋರಿಸಿದರೆ ಶಾಕ್‌ವೇವ್ ಗೆದ್ದಿತೆನ್ನುತ್ತಾರೆ. ರಜೆಯ ಹೊತ್ತಿನ ಇಳಿಕೆಯನ್ನು ಲೆಕ್ಕದಿಂದ ತೆಗೆದುಬಿಡಬೇಕು, ಅದು ವಿಶ್ರಾಂತಿಯ ಫಲ. ಶಾಲೆ ತೆರೆದೊಡನೆ ಅದರ ಒಂದು ಭಾಗ ಕರಗಿದ್ದೇ ಅದಕ್ಕೆ ಸಾಕ್ಷಿ. ನೋವು ಉತ್ತುಂಗದಲ್ಲಿದ್ದಾಗಲೇ ಜನ ವೈದ್ಯರ ಬಳಿಗೆ ಬರುವುದರಿಂದ, ಏನು ಮಾಡಿದರೂ ಮುಂದಿನ ವಾರಗಳಲ್ಲಿ ಸ್ವಲ್ಪ ಇಳಿಕೆ ಕಾಣುವುದು ಸಹಜ ಎಂಬುದನ್ನೂ ಮರೆಯುವಂತಿಲ್ಲ. ನವೆಂಬರ್‌ನಿಂದ ಆದ ಇಳಿಕೆ ಬೇರೆ ತೆರನದು. ಕೆಲಸ ಕಡಿಮೆಯಾಗಿರಲಿಲ್ಲ, ತೂಕ ಇಳಿದಿರಲಿಲ್ಲ, 14 ತಿಂಗಳು ಮಾಸದ ನೋವು ಅದೇ ತಿಂಗಳಲ್ಲಿ ತಾನಾಗಿ ಮಾಸತೊಡಗಿತೆಂದು ನಂಬುವುದು ಕಷ್ಟ. ಆ ಹೊತ್ತಿಗೆ ಕ್ರಿಯೆಯಲ್ಲಿದ್ದದ್ದು ಮೂರು: ಶಾಕ್‌ವೇವ್‌ನ ತಡವಾದ ಪರಿಣಾಮ, ಚಪ್ಪಲಿ, ಬಲವರ್ಧನೆಯ ವ್ಯಾಯಾಮ.

ಜನವರಿಯಲ್ಲಿ ನಡೆದ ಒಂದು ಘಟನೆ ಈ ಮೂರರ ನಡುವೆ ಸ್ವಲ್ಪ ಬೆಳಕು ಚೆಲ್ಲಿತು. ಸಂಬಂಧಿಕರ ಮದುವೆಗೆಂದು ಅವರು ಎರಡು ದಿನ ಛತ್ರದಲ್ಲಿ ಗ್ರಾನೈಟ್ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡಿದರು. ನೋವು 4ಕ್ಕೆ ಏರಿತು. ಯಂತ್ರವನ್ನು ಮತ್ತೆ ಹಿಡಿಸಬೇಕೆಂದು ಅವರು ಕೇಳಿಕೊಂಡರೂ ಒಪ್ಪದೆ, ಚಪ್ಪಲಿ ಮತ್ತು ವ್ಯಾಯಾಮಕ್ಕೆ ಮರಳಲು ಹೇಳಿದೆವು. ವಾರದೊಳಗೆ ಅದು ಮೊದಲಿನ ಮಟ್ಟಕ್ಕೆ ಬಂತು. ಎರಡು ದಿನದ ಗಟ್ಟಿ ನೆಲ ನೋವನ್ನು ಇಮ್ಮಡಿಗೊಳಿಸಿತೆಂದರೆ ಪಾದಕ್ಕೆ ಬೀಳುವ ಹೊರೆಯ ಪಾತ್ರ ದೊಡ್ಡದಿದೆ. ಅಷ್ಟೇ ಬೇಗ ಅದು ತಗ್ಗಿತೆಂದರೆ ಫೇಶಿಯಾದ ತಾಳಿಕೆ ಹಿಂದಿನ ವರ್ಷಕ್ಕಿಂತ ಹೆಚ್ಚಿದೆ. ಈ ತಾಳಿಕೆಯನ್ನು ಚಪ್ಪಲಿ ಕೊಡಲಾರದು, ಅದರಲ್ಲಿ ಶಾಕ್‌ವೇವ್‌ಗೂ ವ್ಯಾಯಾಮಕ್ಕೂ ಪಾಲಿದೆ. ಅವೆರಡನ್ನು ಒಬ್ಬ ರೋಗಿಯ ದಾಖಲೆಯಿಂದ ಬೇರ್ಪಡಿಸಲು ಬರುವುದಿಲ್ಲ. ದೀರ್ಘಕಾಲದ ನೋವಿನಲ್ಲಿ ಶಾಕ್‌ವೇವ್ ಒಂದನ್ನೇ ಕೊಡುವುದಕ್ಕಿಂತ ಹಿಗ್ಗಿಸುವ ವ್ಯಾಯಾಮದೊಂದಿಗೆ ಕೊಟ್ಟರೆ ಫಲ ಹೆಚ್ಚೆಂದು ರೋಂಪೆ ತಂಡ 2015ರಲ್ಲಿ ವರದಿ ಮಾಡಿರುವುದು ನಮ್ಮ ಅನುಭವಕ್ಕೆ ಹೊಂದುತ್ತದೆ. ನನ್ನ ಅಂದಾಜಿನಲ್ಲಿ ಯಂತ್ರವು ನೋವನ್ನು ವ್ಯಾಯಾಮ ಸಾಧ್ಯವಾಗುವಷ್ಟು ತಗ್ಗಿಸಿತು. ಚಪ್ಪಲಿಯಿಲ್ಲದೆ ಕೊಟ್ಟಿದ್ದರೆ ಸ್ಟೀರಾಯ್ಡ್‌ಗೆ ಆದ ಗತಿಯೇ ಇದಕ್ಕೂ ಆಗುವ ಸಂಭವವಿತ್ತು.

ಖರ್ಚಿನ ಪ್ರಶ್ನೆಯೂ ಇದೆ. ಗೌರವಧನದಲ್ಲಿ ದುಡಿಯುವವರಿಗೆ ಮೂರು ಬಾರಿಯ ಶುಲ್ಕ, ಬಸ್ ಚಾರ್ಜು, ರಜೆ ಹಾಕಿದ ದಿನಗಳು ಎಲ್ಲ ಸೇರಿ ಹೊರೆಯೇ. ಹಿಮ್ಮಡಿ ನೋವೆಂದು ಬಂದ ಮೊದಲ ದಿನವೇ ಆರೋ ಎಂಟೋ ಬಾರಿಯ ಪ್ಯಾಕೇಜ್ ಬರೆದುಕೊಡುವ ಪದ್ಧತಿಯನ್ನು ಈ ಕಾರಣಕ್ಕೂ ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ, ಪರಿಣಾಮ ತೋರಿಸಿದ ಅಧ್ಯಯನಗಳು ಮೂರು ಬಾರಿಯನ್ನು ಮೀರಿಲ್ಲ.

ಬೇಸಿಗೆ ರಜೆಯಲ್ಲಿಯೂ ಮೆಟ್ಟಿಲಿನ ವ್ಯಾಯಾಮವನ್ನು ವಾರಕ್ಕೆ ಎರಡು ಸಲವಾದರೂ ಮಾಡುವಂತೆ, ಶಾಲೆ ತೆರೆಯುವ ಹದಿನೈದು ದಿನ ಮೊದಲು ದಿನ ಬಿಟ್ಟು ದಿನಕ್ಕೆ ಹೆಚ್ಚಿಸುವಂತೆ ಸೂಚಿಸಲಾಗಿತ್ತು. ಜೂನ್‌ನ ಮೊದಲ ವಾರ ಬೆಳಗಿನ ಹೊತ್ತು ಬಿಗಿತ ಕಾಣಿಸಿಕೊಂಡು, ಎರಡನೇ ವಾರ ಕಡಿಮೆಯಾಯಿತು. ಸದ್ಯಕ್ಕೆ ಮರುಚಿಕಿತ್ಸೆಯ ಅಗತ್ಯ ಕಂಡುಬಂದಿಲ್ಲ. ನೋವು 5ನ್ನು ದಾಟಿ ಆರು ವಾರ ಉಳಿದರೆ ಮತ್ತೆ ಅಲ್ಟ್ರಾಸೌಂಡ್ ಮಾಡಿ, ಅದನ್ನು ನೋಡಿದ ಮೇಲಷ್ಟೇ ಎರಡನೇ ಸುತ್ತಿನ ಶಾಕ್‌ವೇವ್ ಬಗ್ಗೆ ತೀರ್ಮಾನಿಸುವುದೆಂದು ಅವರ ಕಡತದಲ್ಲಿ ಬರೆದಿಡಲಾಗಿದೆ.